ಪರಸ್ಪರಾವಲಂಬಿ ಅವಿಕಾರಿ ದತ್ತಾಂಶ ರಚನೆ

ಪರಸ್ಪರಾವಲಂಬಿ ಅವಿಕಾರಿ ದತ್ತಾಂಶ ರಚನೆ ಎಂಬುದು ಫಂಕ್ಷನಲ್ ಪ್ರೋಗ್ರಾಮಿಂಗ್‌ನಲ್ಲಿ ಒಮ್ಮೆ ರೂಪುಗೊಂಡ ಬಳಿಕ ತಿದ್ದಲಾಗದ, ಒಂದು ಫೀಲ್ಡಿನ ಬೆಲೆ ಮತ್ತೊಂದರ ಬೆಲೆಯನ್ನು ಆಧರಿಸಿರುವ ದತ್ತಾಂಶ ರಚನೆ. ಪ್ರತಿಯೊಂದು ನೋಡ್ ಹಿಂದಿನದನ್ನೂ ಮುಂದಿನದನ್ನೂ ಸೂಚಿಸುವ ಇಮ್ಮುಖ ಲಿಂಕ್ಡ್ ಲಿಸ್ಟ್ ಇದಕ್ಕೆ ಸ್ಪಷ್ಟ ನಿದರ್ಶನ. ಸಿ ಭಾಷೆಯಲ್ಲಿ ನೋಡ್‌ಗಳನ್ನು ಮೊದಲು ಸೃಷ್ಟಿಸಿ ಪಾಯಿಂಟರ್‌ಗಳನ್ನು ಆಮೇಲೆ ತುಂಬಬಹುದು. ತಿದ್ದುಪಡಿಗೆ ಅವಕಾಶವಿಲ್ಲದಲ್ಲಿ ಆ ದಾರಿ ಮುಚ್ಚಿರುತ್ತದೆ.

ಹ್ಯಾಸ್ಕೆಲ್ ಭಾಷೆ ಇಂಥ ರಚನೆಯನ್ನು ಲೇಜಿ ಇವ್ಯಾಲ್ಯುಯೇಶನ್, ಅಂದರೆ ಬೆಲೆ ಬೇಕಾದಾಗಲಷ್ಟೇ ಲೆಕ್ಕ ಹಾಕುವ ಕ್ರಮ, ಇದರ ಮೂಲಕ ಸಾಧಿಸುತ್ತದೆ: ಲೆಕ್ಕವಾಗದ ಪ್ರತಿ ಫೀಲ್ಡಿನ ಜಾಗದಲ್ಲಿ ಥಂಕ್ ಎಂಬ ಬಾಕಿ ಲೆಕ್ಕವಿರುವುದರಿಂದ ಎರಡು ನೋಡ್‌ಗಳು ಒಂದನ್ನೊಂದು ಹೆಸರಿಸಿಯೇ ಹುಟ್ಟಬಲ್ಲವು. ಈ ತಂತ್ರಕ್ಕೆ ‘ಟೈಯಿಂಗ್ ದ ನಾಟ್’ ಎಂಬ ಹೆಸರಿದೆ. ಗಣಕವಿಜ್ಞಾನಿ ರಿಚರ್ಡ್ ಬರ್ಡ್ 1984ರ ಲೇಖನದಲ್ಲಿ, ಟ್ರೀ ಒಂದರ ಎಲ್ಲ ಎಲೆಗಳ ಸ್ಥಾನದಲ್ಲಿ ಅವುಗಳ ಪೈಕಿ ಕನಿಷ್ಠ ಬೆಲೆಯನ್ನು ಒಂದೇ ಸುತ್ತಿನಲ್ಲಿ ಇರಿಸುವ ಪ್ರೋಗ್ರಾಮನ್ನು ಇದೇ ತತ್ತ್ವದ ಮೇಲೆ ನಿರೂಪಿಸಿದರು; ಇನ್ನೂ ತಿಳಿಯದ ಉತ್ತರವನ್ನೇ ಆದಾನವಾಗಿ ಬಳಸುವ ಆ ಪರಿಹಾರ ಇಂದಿಗೂ ಈ ಕ್ಷೇತ್ರದ ಅತ್ಯಂತ ಸುಂದರ ಉದಾಹರಣೆಗಳಲ್ಲೊಂದು.

ಹ್ಯಾಸ್ಕೆಲ್‌ನಲ್ಲಿ ಯಾವುದೇ ಫೀಲ್ಡ್ ತನ್ನ ಬೆಲೆ ಲೆಕ್ಕವಾಗುವ ಮುನ್ನವೇ ತನ್ನದೇ ಬೆಲೆಯನ್ನು ಬೇಡಿದರೆ, ಅಥವಾ ಚಕ್ರದ ಫೀಲ್ಡ್‌ಗಳನ್ನು ಸ್ಟ್ರಿಕ್ಟ್, ಅಂದರೆ ಕೂಡಲೇ ಲೆಕ್ಕವಾಗಬೇಕಾದವು, ಎಂದು ಘೋಷಿಸಿದರೆ, ಲೆಕ್ಕ ಮುಗಿಯುವುದಿಲ್ಲ. ಒಂದು ನೋಡನ್ನು ಬದಲಿಸಬೇಕಾದರೆ ಅದನ್ನು ತಲಪುವ ಎಲ್ಲ ನೋಡ್‌ಗಳನ್ನೂ ಮರಳಿ ಕಟ್ಟಬೇಕಾಗುವುದು ಇನ್ನೂ ದೊಡ್ಡ ಮಿತಿ. ಆದ್ದರಿಂದ ಪದೇ ಪದೇ ಬದಲಾಗುವ ದತ್ತಾಂಶಕ್ಕೆ ನೋಡ್‌ಗಳನ್ನು ಕ್ರಮಸಂಖ್ಯೆಯೊಡನೆ ಮ್ಯಾಪ್‌ನಲ್ಲಿಡುವ ವಿಧಾನ ಇಲ್ಲವೇ ಗಣಕವಿಜ್ಞಾನಿ ಜೆರಾರ್ ಹ್ಯುಯೆ 1997ರಲ್ಲಿ ವಿವರಿಸಿದ, ಈಗ ಗಮನದಲ್ಲಿರುವ ನೋಡನ್ನು ಅದರ ಸುತ್ತಲಿನ ಭಾಗದಿಂದ ಬೇರ್ಪಡಿಸಿ ಇಡುವ ಜಿಪ್ಪರ್ ರಚನೆ ಹೆಚ್ಚು ಸೂಕ್ತ. ಇನ್ನು, ಲೇಜಿ ಅಲ್ಲದ ಒಕ್ಯಾಮಲ್ ಭಾಷೆಯೂ ‘ಲೆಟ್ ರೆಕ್’ ಎಂಬ ಸ್ವಯಂ-ಉಲ್ಲೇಖಿ ಘೋಷಣೆಯ ಮೂಲಕ ಸೀಮಿತ ರೂಪದ ಚಕ್ರೀಯ ಬೆಲೆಗಳಿಗೆ ಅವಕಾಶ ಕೊಡುತ್ತದೆ.