ಹಂಡೆ ಒಲೆಯ ಲೆಕ್ಕ ಬರೆದ ಊರು

ಚಳಿ ದೇಶದವರಿಗೆ ಚಳಿಗಾಲದ ದೊಡ್ಡ ಖರ್ಚೆಂದರೆ ಮನೆಯನ್ನು ಬೆಚ್ಚಗಿಡುವುದು. ನಮ್ಮ ಸೀಮೆಯಲ್ಲಿ ಮನೆಯನ್ನು ಯಾರೂ ಕಾಯಿಸುವುದಿಲ್ಲ, ನೀರನ್ನು ಕಾಯಿಸುತ್ತಾರೆ. ತುಮಕೂರಿನ ಶೆಟ್ಟಿಹಳ್ಳಿಯಂತಹ ಬಡಾವಣೆಗಳಲ್ಲಿ ಈ ಕೆಲಸ ಗೀಸರಿನದೋ ತಾರಸಿಯ ಸೋಲಾರಿನದೋ ಆಗಿದೆ. ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಿಗೆ ಹೋದರೆ ಬಚ್ಚಲುಮನೆಯ ಹಂಡೆಯ ಕೆಳಗೆ ಇಂದಿಗೂ ತೆಂಗಿನ ಗರಿ, ಮಟ್ಟೆ, ಚಿಪ್ಪು ಉರಿಯುತ್ತವೆ. ಗೀಸರಿನ ಖರ್ಚು ತಿಂಗಳ ಬಿಲ್ಲಿನಲ್ಲಿ ಕಾಣುತ್ತದೆ. ಹಂಡೆ ಒಲೆಯ ಖರ್ಚು ಎಲ್ಲಿ ಕಾಣುತ್ತದೆ?

ಈ ಪ್ರಶ್ನೆಗೆ ಉತ್ತರ ಹುಡುಕಿದ್ದು ಇದೇ ಜಿಲ್ಲೆಯಲ್ಲಿ ಎಂಬುದು ಹಲವರಿಗೆ ತಿಳಿದಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯುದ್ರಸಾಯನ ವಿಜ್ಞಾನಿಯಾಗಿದ್ದ ಅಮೂಲ್ಯ ರೆಡ್ಡಿ ಅವರು 1974ರಲ್ಲಿ ‘ಅಸ್ತ್ರ’ ಎಂಬ ಕಾರ್ಯಕ್ರಮ ಆರಂಭಿಸಿದರು. ವಿಜ್ಞಾನ, ತಂತ್ರಜ್ಞಾನಗಳನ್ನು ಹಳ್ಳಿಗಳ ಉಪಯೋಗಕ್ಕೆ ತರುವುದು ಅದರ ಉದ್ದೇಶ. ಪ್ರಯೋಗಾಲಯದಲ್ಲಿ ಕುಳಿತು ಹಳ್ಳಿಯನ್ನು ಅರಿಯಲಾಗದು ಎಂದು ಅವರ ತಂಡ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಒಂದು ಕೇಂದ್ರ ತೆರೆಯಿತು. ಉಂಗ್ರದ ಸುತ್ತಲಿನ ಆರು ಹಳ್ಳಿಗಳಲ್ಲಿ ಮನೆಮನೆಗೂ ಹೋಗಿ ಯಾವ ಕೆಲಸಕ್ಕೆ ಎಷ್ಟು ಶಕ್ತಿ ಖರ್ಚಾಗುತ್ತದೆ ಎಂದು ಲೆಕ್ಕ ಹಾಕಿತು. ಈ ಪೈಕಿ ಹೆಚ್ಚು ಹೆಸರಾದದ್ದು ಪುರ. 1977ರಲ್ಲಿ ಅಲ್ಲಿದ್ದದ್ದು 56 ಮನೆ, 357 ಜನ.

ಲೆಕ್ಕದ ಫಲಿತಾಂಶ ಅನೇಕರ ಕಣ್ಣು ತೆರೆಸಿತು. ಊರಿನ ಮುಖ್ಯ ಇಂಧನ ಸೀಮೆಎಣ್ಣೆಯೂ ಅಲ್ಲ, ವಿದ್ಯುತ್ತೂ ಅಲ್ಲ, ಸೌದೆ. ಅದರಲ್ಲಿ ಹೆಚ್ಚು ಪಾಲು ಅಡುಗೆಗೆ, ಅದರ ನಂತರದ ದೊಡ್ಡ ಪಾಲು ಸ್ನಾನದ ನೀರಿಗೆ ಹೋಗುತ್ತಿತ್ತು. ಕಾಸು ಕೊಟ್ಟು ಕೊಂಡ ಸೌದೆ ನೂರಕ್ಕೆ ನಾಲ್ಕು ಪಾಲು ಮಾತ್ರ. ಉಳಿದದ್ದೆಲ್ಲ ಆಯ್ದು ತಲೆಯ ಮೇಲೆ ಹೊತ್ತು ತಂದ ಪುಳ್ಳೆ, ಕಡ್ಡಿ. ಕಾಸಿನ ಲೆಕ್ಕದಲ್ಲಿ ಅದು ಪುಕ್ಕಟೆ. ಆದರೆ ಅದಕ್ಕೆ ತಗುಲಿದ ಹೊತ್ತು ಪುಕ್ಕಟೆಯಲ್ಲ. ಊರಿನ ಒಟ್ಟು ದುಡಿಮೆಯ ಗಂಟೆಗಳನ್ನು ಕೂಡಿದಾಗ ಹೆಂಗಸರ ಪಾಲು ಗಂಡಸರಿಗಿಂತ ಹೆಚ್ಚೆಂದು ಕಂಡಿತು. ಮಕ್ಕಳ ಪಾಲೂ ಅದರಲ್ಲಿತ್ತು.

ಇಷ್ಟು ಕಷ್ಟಪಟ್ಟು ತಂದ ಸೌದೆ ಒಲೆಯಲ್ಲಿ ಹೇಗೆ ಉರಿಯುತ್ತಿತ್ತು? ಹಳೆಯ ಮಣ್ಣಿನ ಒಲೆಯ ಬಾಯಿ ದೊಡ್ಡದು. ಬೇಕಾದ್ದಕ್ಕಿಂತ ಹೆಚ್ಚು ತಣ್ಣನೆಯ ಗಾಳಿ ಒಳಗೆ ನುಗ್ಗುತ್ತದೆ, ಬಿಸಿ ಗಾಳಿ ಪಾತ್ರೆಯ ಪಕ್ಕದಿಂದ ಹೊರಟುಹೋಗುತ್ತದೆ. ಶಾಖದಲ್ಲಿ ನೂರಕ್ಕೆ ಐದರಿಂದ ಹತ್ತು ಪಾಲು ಪಾತ್ರೆಗೆ ತಲುಪಿದರೆ ಹೆಚ್ಚು. ಅಂದರೆ ಹತ್ತು ಹೊರೆ ಹೊತ್ತು ತಂದರೆ ಒಂಬತ್ತು ಹೊರೆ ಹೊಗೆಗೂ ಗೋಡೆಗೂ ಅರ್ಪಣೆ!

ಈ ನಷ್ಟ ತಪ್ಪಿಸಲು ಹುಟ್ಟಿದ್ದು ‘ಅಸ್ತ್ರ ಒಲೆ’. ಬೆಂಕಿಯ ಕೆಳಗೆ ಕಂಬಿ ಜಾಲರಿ, ಮೂರು ಪಾತ್ರೆಗಳ ಕೆಳಗೂ ಸಾಗಿಹೋಗುವ ಬಿಸಿ ಗಾಳಿ, ಕೊನೆಗೆ ಹೊಗೆ ಕೊಳವೆ. ಪ್ರಯೋಗಾಲಯದಲ್ಲಿ ಇದು ನೂರಕ್ಕೆ ಸುಮಾರು 40 ಪಾಲು ಶಾಖವನ್ನು ಪಾತ್ರೆಗೆ ಮುಟ್ಟಿಸಿತು. ಇದೇ ತತ್ವದ ಮೇಲೆ ಹಂಡೆಗೂ ಒಲೆ ಬಂತು. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಒಲೆ ಕಟ್ಟುವವರಿಗೆ ತರಬೇತಿ ನೀಡಿತು. 1983ರ ಕೊನೆಯಲ್ಲಿ ಶುರುವಾದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮದ ಅಡಿಯಲ್ಲಿ ರಾಜ್ಯದ ಮನೆಮನೆಗಳಲ್ಲಿ ಅಸ್ತ್ರ ಒಲೆಗಳು ಎದ್ದವು.

ಎದ್ದವೆಲ್ಲ ಉಳಿಯಲಿಲ್ಲ. ಒಲೆಯ ಅಳತೆ ಒಂದೆರಡು ಅಂಗುಲ ತಪ್ಪಿದರೂ ಉಳಿತಾಯ ಕೆಡುತ್ತದೆ. ಸೌದೆಯನ್ನು ಸಣ್ಣಗೆ ಸೀಳಬೇಕು, ಕೊಳವೆಯ ಮಸಿ ಆಗಾಗ ತೆಗೆಯಬೇಕು. ಕಟ್ಟಿಸಿದವರು ಎಣಿಕೆ ಬರೆದುಕೊಂಡು ಹೋದರು, ದುರಸ್ತಿಗೆ ಬಂದವರು ಕಡಿಮೆ. ಕೇಂದ್ರ ಸರ್ಕಾರ 2002ರಲ್ಲಿ ಈ ಕಾರ್ಯಕ್ರಮವನ್ನು ನಿಲ್ಲಿಸಿತು.

ಮುಂದೆ 2016ರಲ್ಲಿ ಉಜ್ವಲಾ ಯೋಜನೆ ಬಂದು ಬಡವರ ಅಡುಗೆಮನೆಗೂ ಗ್ಯಾಸ್ ತಲುಪಿತು. ಆದರೆ ಸಿಲಿಂಡರ್ ಬೆಲೆ ನೋಡಿ ಹಂಡೆ ನೀರಿಗೆ ಗ್ಯಾಸ್ ಉರಿಸುವ ಧೈರ್ಯ ಎಷ್ಟು ಮನೆಗಳಿಗಿದೆ? ಅಡುಗೆ ಗ್ಯಾಸಿನ ಮೇಲೆ, ಸ್ನಾನದ ನೀರು ಸೌದೆಯ ಮೇಲೆ ಎಂಬ ಏರ್ಪಾಡು ಹಲವೆಡೆ ಉಳಿದಿದೆ.

ಹಾಗಾಗಿ ಪುರದ ಲೆಕ್ಕ ಹಳತಾಗಿಲ್ಲ. ಒಣಗಿದ, ಸಣ್ಣಗೆ ಸೀಳಿದ ಸೌದೆ, ಹಂಡೆಗೆ ಒಂದು ಮುಚ್ಚಳ, ಒಲೆಯ ಬಾಯಿಗೆ ಒಂದು ತಗಡು, ಮಸಿ ಇಲ್ಲದ ಕೊಳವೆ, ಇಷ್ಟಿದ್ದರೂ ಉರಿ ಎಷ್ಟೋ ಉಳಿಯುತ್ತದೆ. ‘ಸೌದೆಗೇನು, ಕಾಸು ಕೊಡಬೇಕೆ?’ ಎನ್ನುವ ಮಾತು ಈಗಲೂ ಕೇಳುತ್ತದೆ. ಹಾಗೆನ್ನುವ ಮೊದಲು ಆ ಮನೆಯಲ್ಲಿ ಸೌದೆ ತರುವವರು ಯಾರು, ಹೊಗೆ ಕುಡಿಯುವವರು ಯಾರು ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು. ಕಾಸಿನ ಪುಸ್ತಕದಲ್ಲಿ ಕಾಣದ ಆ ಖರ್ಚನ್ನು ಬರೆದಿಟ್ಟದ್ದೇ ಪುರದ ಸಮೀಕ್ಷೆಯ ಹೆಚ್ಚುಗಾರಿಕೆ.