ಕೇರ್.ಡೇಟಾ

ಕೇರ್.ಡೇಟಾ: ಇಂಗ್ಲೆಂಡಿನ ಕುಟುಂಬ ವೈದ್ಯರ ಕಂಪ್ಯೂಟರುಗಳಲ್ಲಿದ್ದ ರೋಗಿಗಳ ದಾಖಲೆಗಳನ್ನು ಒಂದೇ ರಾಷ್ಟ್ರೀಯ ಭಂಡಾರಕ್ಕೆ ತರಲು 2013ರಲ್ಲಿ ಹೊರಟು, 2016ರಲ್ಲಿ ಕೈಬಿಟ್ಟ ಸರ್ಕಾರಿ ಯೋಜನೆ. ಕಾನೂನಿನ ಬಲ ಪೂರ್ತಿಯಾಗಿದ್ದೂ ರೋಗಿಗಳ ವಿಶ್ವಾಸ ಸಿಗದೆ ನಿಂತುಹೋದ ಕಾರಣಕ್ಕೆ ವಿದ್ಯುನ್ಮಾನ ಆರೋಗ್ಯ ದಾಖಲೆಗಳ ಚರಿತ್ರೆಯಲ್ಲಿ ಇದಕ್ಕೆ ಮಹತ್ವವಿದೆ.

1948ರಲ್ಲಿ ಆರಂಭವಾದ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ (ಎನ್‌ಎಚ್‌ಎಸ್) ಜನರು ತಮ್ಮ ಬಡಾವಣೆಯ ಕುಟುಂಬ ವೈದ್ಯರಲ್ಲಿ, ಅಲ್ಲಿನವರ ಮಾತಿನಲ್ಲಿ ‘ಜಿಪಿ’ಯಲ್ಲಿ, ಹೆಸರು ನೋಂದಾಯಿಸುತ್ತಾರೆ. ಮನೆ ಬದಲಿಸಿದರೆ ದಾಖಲೆಯೂ ಹೊಸ ಜಿಪಿಯ ಬಳಿಗೆ ಹೋಗುತ್ತದೆ. ಬಾಲ್ಯದ ಲಸಿಕೆ, ಗರ್ಭಪಾತ, ಖಿನ್ನತೆ, ಕುಡಿತ ಎಲ್ಲವೂ ಅದರಲ್ಲಿರುತ್ತವೆ. ವೈದ್ಯಕೀಯ ಸಂಶೋಧನೆಗೆ ಇಂಥ ಆಕರ ಅಪರೂಪ. ಆದರೆ ರೋಗಿ ಅದನ್ನೆಲ್ಲ ಹೇಳಿಕೊಂಡದ್ದು ಎದುರಿಗೆ ಕುಳಿತ ವೈದ್ಯರಿಗೆ, ತನ್ನ ಚಿಕಿತ್ಸೆಗಾಗಿ.

ಈ ಗುಟ್ಟನ್ನು ಕಾಯುವ ಹೊಣೆಗೆ ಸ್ಪಷ್ಟ ರೂಪ ಕೊಟ್ಟವರು ಮನೋವೈದ್ಯೆ ಫಿಯೋನಾ ಕಾಲ್ಡಿಕಾಟ್. ಅವರ ಸಮಿತಿಯ 1997ರ ವರದಿ ಆರು ತತ್ವಗಳನ್ನು ಮುಂದಿಟ್ಟಿತು. ಎನ್‌ಎಚ್‌ಎಸ್‌ನ ಸಂಸ್ಥೆಗಳಲ್ಲಿ ರೋಗಿಗಳ ಮಾಹಿತಿಗೆ ಜವಾಬ್ದಾರರಾದ ‘ಕಾಲ್ಡಿಕಾಟ್ ರಕ್ಷಕ’ರು ನೇಮಕವಾದರು.

2012ರ ಆರೋಗ್ಯ ಮತ್ತು ಸಾಮಾಜಿಕ ಆರೈಕೆ ಕಾಯ್ದೆ ಚಿತ್ರವನ್ನೇ ಬದಲಿಸಿತು. ರೋಗಿಯ ಒಪ್ಪಿಗೆ ಕೇಳದೆಯೇ ಜಿಪಿಗಳಿಂದ ಮಾಹಿತಿ ತರಿಸಿಕೊಳ್ಳುವ ಅಧಿಕಾರ ಕೇಂದ್ರೀಯ ಮಾಹಿತಿ ಸಂಸ್ಥೆಗೆ ಬಂತು. ಎನ್‌ಎಚ್‌ಎಸ್ ಸಂಖ್ಯೆ, ಜನ್ಮದಿನಾಂಕ, ಲಿಂಗ, ಪೋಸ್ಟ್‌ಕೋಡ್‌ಗಳ ಆಧಾರದಲ್ಲಿ ಜಿಪಿ ದಾಖಲೆಯನ್ನು ಆಸ್ಪತ್ರೆಯ ದಾಖಲೆಯ ಜೊತೆ ಜೋಡಿಸಿ, ಆಮೇಲೆ ಗುರುತುಗಳ ಜಾಗದಲ್ಲಿ ಸಂಕೇತಗಳನ್ನಿಟ್ಟು ಸಂಶೋಧಕರಿಗೆ ಕೊಡುವುದು ಯೋಜನೆ. ಹೆಸರು ಅಳಿಸಿದರೆ ಗುರುತು ಅಳಿಯುವುದಿಲ್ಲವೆಂಬ ಟೀಕೆ ಆಗಲೇ ಎದ್ದಿತು, ಅದು ನ್ಯಾಯವಾದದ್ದೇ. ಯಾವ ದಿನ ಹೆರಿಗೆಯಾಯಿತು, ಯಾವ ದಿನ ಕಾಲು ಮುರಿಯಿತು ಎಂಬ ಎರಡು ಮೂರು ಸಂಗತಿ ಬಲ್ಲ ಪರಿಚಿತರಿಗೆ ಉಳಿದ ಇಡೀ ದಾಖಲೆ ಯಾರದೆಂದು ತಿಳಿದುಬಿಡಬಹುದು.

2014ರ ಜನವರಿಯಲ್ಲಿ ಸುಮಾರು 2.65 ಕೋಟಿ ಮನೆಗಳಿಗೆ ಕರಪತ್ರ ಹೋಯಿತು. ಅದರಲ್ಲಿ ‘ಕೇರ್.ಡೇಟಾ’ ಎಂಬ ಹೆಸರಿರಲಿಲ್ಲ, ಹೊರಗುಳಿಯಲು ತುಂಬಿಕೊಡುವ ಅರ್ಜಿಯೂ ಇರಲಿಲ್ಲ. ಬೇಡವೆನ್ನುವವರು ತಾವೇ ಜಿಪಿಗೆ ತಿಳಿಸಬೇಕು, ಸುಮ್ಮನಿದ್ದವರು ಒಪ್ಪಿದಂತೆ. ಬಿಬಿಸಿ ನಡೆಸಿದ ಸಮೀಕ್ಷೆಯಲ್ಲಿ ಕರಪತ್ರ ಬಂದ ನೆನಪಿದೆ ಎಂದವರು ಮೂರರಲ್ಲೊಂದು ಪಾಲಿಗಿಂತ ಕಡಿಮೆ. ಕರಪತ್ರವನ್ನೇ ನೋಡದವರ ಮೌನವನ್ನು ಸಮ್ಮತಿಯೆಂದು ಎಣಿಸಿದ್ದು ಯೋಜನೆಯ ಮೂಲ ದೋಷ. ವೈದ್ಯರೂ ಇಕ್ಕಟ್ಟಿಗೆ ಸಿಕ್ಕಿದರು: ಮಾಹಿತಿ ಕೊಡದಿದ್ದರೆ ಹೊಸ ಕಾಯ್ದೆಯ ಉಲ್ಲಂಘನೆ, ರೋಗಿಗೆ ತಿಳಿಸದೆ ಕೊಟ್ಟರೆ ದತ್ತಾಂಶ ರಕ್ಷಣಾ ಕಾನೂನಿನ ಉಲ್ಲಂಘನೆ.

ಫೆಬ್ರವರಿಯಲ್ಲಿ ಯೋಜನೆಯನ್ನು ಆರು ತಿಂಗಳು ಮುಂದೂಡಲಾಯಿತು. ಅದೇ ತಿಂಗಳು ಹಳೆಯ ಸಂಗತಿಯೊಂದು ಬಯಲಾಯಿತು: ಸುಮಾರು 4.7 ಕೋಟಿ ರೋಗಿಗಳ 13 ವರ್ಷಗಳ ಆಸ್ಪತ್ರೆ ದಾಖಲೆಗಳು ವಿಮಾ ಲೆಕ್ಕಪರಿಣತರ ಸಂಘವೊಂದಕ್ಕೆ ಹೋಗಿದ್ದವು. ಸಂಶೋಧನೆಗೆಂದು ಒಪ್ಪಿದ್ದವರೂ ಇದರಿಂದ ಹಿಂಜರಿದರು. ಅದೇ ವರ್ಷ ಸಂಸತ್ತು ಆರೈಕೆ ಕಾಯ್ದೆಯ ಮೂಲಕ, ಆರೋಗ್ಯಕ್ಕೆ ಸಂಬಂಧಿಸದ ಉದ್ದೇಶಗಳಿಗೆ ಇಂಥ ಮಾಹಿತಿ ಕೊಡದಂತೆ ನಿರ್ಬಂಧ ಹಾಕಿತು. ಆದರೂ 2015ರಲ್ಲಿ ಮತ್ತೊಂದು ಪೆಟ್ಟು ಬಿತ್ತು. ಬೇಡವೆಂದಿದ್ದ ಸುಮಾರು 7 ಲಕ್ಷ ಜನರ ಆಕ್ಷೇಪಗಳನ್ನು ಜಾರಿಗೆ ತರಲಾಗಿಲ್ಲವೆಂದು ಮಾಹಿತಿ ಸಂಸ್ಥೆಯೇ ಒಪ್ಪಿಕೊಂಡಿತು. ಹಾಗೇ ಜಾರಿಗೊಳಿಸಿದ್ದರೆ ಕ್ಯಾನ್ಸರ್ ತಪಾಸಣೆಗೆ ಕರೆಯುವ ಪತ್ರಗಳೂ ಅವರಿಗೆ ತಪ್ಪಿಹೋಗುವ ಅಪಾಯವಿತ್ತು.

2016ರ ಜುಲೈ 6ರಂದು, ಕಾಲ್ಡಿಕಾಟ್ ಅವರ ಹೊಸ ವರದಿ ಹೊರಬಂದ ದಿನವೇ, ಸರ್ಕಾರ ಯೋಜನೆಯನ್ನು ಮುಚ್ಚಿತು. 2018ರ ಮೇ ತಿಂಗಳಲ್ಲಿ ಹೊರಗುಳಿಯುವ ರಾಷ್ಟ್ರೀಯ ವ್ಯವಸ್ಥೆ ಜಾರಿಗೆ ಬಂತು. 2021ರಲ್ಲಿ ಬೇರೆ ಹೆಸರಿನಿಂದ ಅಂಥದೇ ಸಂಗ್ರಹಕ್ಕೆ ಕೈಹಾಕಿದಾಗ ಒಂದೇ ತಿಂಗಳಲ್ಲಿ 10 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದರು; ಆ ಯೋಜನೆಯೂ ಅನಿರ್ದಿಷ್ಟವಾಗಿ ಮುಂದಕ್ಕೆ ಹೋಯಿತು.

ಇಷ್ಟರಲ್ಲಿ ಆಕ್ಸ್‌ಫರ್ಡಿನಲ್ಲಿ ಬೆನ್ ಗೋಲ್ಡೇಕರ್ ತಂಡ 2020ರಲ್ಲಿ ರೂಪಿಸಿದ ‘ಓಪನ್‌ಸೇಫ್ಲಿ’ ಬೇರೆ ದಾರಿ ಹಿಡಿದಿತ್ತು. ಅದರಲ್ಲಿ ದಾಖಲೆಗಳು ಇದ್ದಲ್ಲೇ ಇರುತ್ತವೆ. ಸಂಶೋಧಕರು ತಮ್ಮ ಪ್ರಶ್ನೆಯನ್ನು ಪ್ರೋಗ್ರಾಮಿನ ರೂಪದಲ್ಲಿ ಕಳಿಸಿ, ಒಟ್ಟುಗೂಡಿಸಿದ ಉತ್ತರವನ್ನಷ್ಟೇ ಪಡೆಯುತ್ತಾರೆ; ಯಾರು ಏನು ಕೇಳಿದರೆಂಬುದನ್ನು ಸಾರ್ವಜನಿಕರು ನೋಡಬಹುದು. ಕೋವಿಡ್ ಸಾವಿಗೆ ಸಂಬಂಧಿಸಿದ ಅಂಶಗಳನ್ನು ಸುಮಾರು 1.7 ಕೋಟಿ ವಯಸ್ಕರ ದಾಖಲೆಗಳಿಂದ ಗುರುತಿಸಿದ ಅಧ್ಯಯನ ಇದೇ ವಿಧಾನದಲ್ಲಿ ನಡೆಯಿತು.