ದನ ಸಾಕಣೆಯಲ್ಲಿ ಹಸಿರುಮನೆ ಅನಿಲಗಳ ತಗ್ಗಿಸುವಿಕೆ

ದನಗಳಿಂದ, ಮುಖ್ಯವಾಗಿ ಅವುಗಳ ಜೀರ್ಣಕ್ರಿಯೆಯಿಂದ, ವಾತಾವರಣ ಸೇರುವ ಮೀಥೇನ್ ಅನಿಲವನ್ನು ಕಡಿಮೆ ಮಾಡುವ ಕ್ರಮಗಳನ್ನು ಈ ಹೆಸರಿನಿಂದ ಗುರುತಿಸಲಾಗುತ್ತದೆ. ಅಮೆರಿಕ, ಬ್ರೆಜಿಲ್ ಮೊದಲಾದ ದೇಶಗಳಲ್ಲಿ ಇದು ಬಹುಮಟ್ಟಿಗೆ ಮಾಂಸಕ್ಕಾಗಿ ಸಾಕುವ ದನಗಳ ಪ್ರಶ್ನೆ. ಕರ್ನಾಟಕದಲ್ಲಿ ದನಗಳನ್ನು ಉಳುಮೆ, ಹಾಲು ಮತ್ತು ಗೊಬ್ಬರಕ್ಕಾಗಿ ಸಾಕುವುದರಿಂದ ಪರಿಹಾರಗಳೂ ಬೇರೆಯಾಗುತ್ತವೆ.

ಅನಿಲದ ಉತ್ಪತ್ತಿ

ಮೆಲುಕು ಹಾಕುವ ಪ್ರಾಣಿಗಳ ಮೊದಲ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳು ಹುಲ್ಲಿನ ನಾರನ್ನು ಒಡೆಯುವಾಗ ಜಲಜನಕ ಬಿಡುಗಡೆಯಾಗುತ್ತದೆ. ಆರ್ಕಿಯಾ ಎಂಬ ಜೀವಿಗಳು ಅದನ್ನು ಇಂಗಾಲದ ಡೈಆಕ್ಸೈಡಿನೊಂದಿಗೆ ಸೇರಿಸಿ ಮೀಥೇನ್ ಆಗಿಸುತ್ತವೆ. ಅದರ ಬಹುಪಾಲು ತೇಗಿನ ಮೂಲಕವೇ ಹೊರಬರುತ್ತದೆ. ಮೀಥೇನ್ ವಾತಾವರಣದಲ್ಲಿ ಸುಮಾರು 12 ವರ್ಷ ಉಳಿಯುತ್ತದೆ; ನೂರು ವರ್ಷಗಳ ಲೆಕ್ಕದಲ್ಲಿ ಅದರ ತಾಪನ ಸಾಮರ್ಥ್ಯ ಇಂಗಾಲದ ಡೈಆಕ್ಸೈಡಿನ ಸುಮಾರು 27 ಪಟ್ಟು. ಹೀಗೆ ಹೋಗುವ ಅನಿಲ ಪ್ರಾಣಿ ತಿಂದ ಮೇವಿನ ಶಕ್ತಿಯ ಒಂದು ಭಾಗವೇ ಆದ್ದರಿಂದ ಅದು ರೈತನಿಗೂ ನಷ್ಟ.

ಅಳತೆಯ ಪ್ರಶ್ನೆ

ಹಾಲಿನ ಹಸುಗಳನ್ನು ಬಿಟ್ಟು ಉಳಿದ ದನಗಳಿಗೆ ಐಪಿಸಿಸಿಯ 2006ರ ಮಾರ್ಗಸೂಚಿ ನೀಡಿದ ಅಂದಾಜಿನಂತೆ, ಭಾರತ ಉಪಖಂಡದ ದನ ವರ್ಷಕ್ಕೆ 27 ಕಿಲೋಗ್ರಾಂ, ಉತ್ತರ ಅಮೆರಿಕದ ದನ 53 ಕಿಲೋಗ್ರಾಂ ಮೀಥೇನ್ ಹೊರಹಾಕುತ್ತದೆ. ಆದರೆ ಒಂದು ಲೀಟರ್ ಹಾಲಿಗೆ ಅಥವಾ ಒಂದು ಕಿಲೋ ಮಾಂಸಕ್ಕೆ ಎಂದು ಲೆಕ್ಕ ಹಾಕಿದರೆ ಚಿತ್ರ ತಿರುಗುಮುರುಗಾಗುತ್ತದೆ.

ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ, ಕಾವೇರಿ ದಡದ ಮುಡುಕುತೊರೆಯಲ್ಲಿ ಮಲ್ಲಿಕಾರ್ಜುನಸ್ವಾಮಿ ಜಾತ್ರೆಯ ಸಂದರ್ಭದಲ್ಲಿ ದನಗಳ ಜಾತ್ರೆ ಸೇರುತ್ತದೆ. ಇಂಥ ಜಾತ್ರೆಗಳಲ್ಲಿ ಹಳ್ಳಿಕಾರ್ ತಳಿಯ ಎತ್ತುಗಳಿಗೆ ಬೆಲೆ ಬರುವುದು ನಡಿಗೆ, ಮೈಕಟ್ಟು ಮತ್ತು ದುಡಿಮೆಯಿಂದ. ಹಾಲಿನ ಅಳತೆಗೋಲು ಅವುಗಳ ದುಡಿಮೆಯನ್ನು ಎಣಿಸುವುದೇ ಇಲ್ಲ. ಆ ಅಳತೆಯನ್ನೇ ನೀತಿಯಾಗಿಸಿದರೆ ಮೊದಲು ಪೆಟ್ಟು ಬೀಳುವುದು ಇಂಥ ಉಳುಮೆ ತಳಿಗಳಿಗೆ. ಇನ್ನೊಂದೆಡೆ, ಟ್ರ್ಯಾಕ್ಟರ್ ಬಂದ ಊರುಗಳಲ್ಲಿ ಕೆಲಸವಿಲ್ಲದೆ ನಿಂತ ಎತ್ತೂ ಮೇವು ತಿನ್ನುತ್ತದೆ, ಮೀಥೇನ್ ಬಿಡುತ್ತದೆ ಎಂಬುದೂ ನಿಜ.

ಮಾಂಸದ ದನಗಳನ್ನು ಬೇಗ ಬೆಳೆಸಿ ಬೇಗ ಮಾರುವುದು ಹೊರದೇಶಗಳ ಮುಖ್ಯ ಉಪಾಯ. ಕರ್ನಾಟಕದ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆಯು ದನಗಳ ವಧೆಯನ್ನು ನಿಷೇಧಿಸಿದ್ದು, 13 ವರ್ಷ ಮೀರಿದ ಎಮ್ಮೆ ಕೋಣಗಳಿಗೆ ಮಾತ್ರ ಷರತ್ತಿನ ವಿನಾಯಿತಿ ನೀಡಿದೆ. ಹಾಗಾಗಿ ಇಲ್ಲಿ ಆ ಉಪಾಯಕ್ಕೆ ಎಡೆಯಿಲ್ಲ.

ಮೇವಿನ ಸುಧಾರಣೆ

ಉಳಿಯುವ ಮುಖ್ಯ ದಾರಿ ಮೇವು. ನಾಲೆ ನೀರಿನ ಬತ್ತದ ಸೀಮೆಯಲ್ಲಿ ದನಗಳಿಗೆ ಹೆಚ್ಚಾಗಿ ಸಿಗುವುದು ಬತ್ತದ ಹುಲ್ಲು. ಅದು ನಿಧಾನವಾಗಿ ಜೀರ್ಣವಾಗುತ್ತದೆ, ಪೌಷ್ಟಿಕಾಂಶವೂ ಕಡಿಮೆ. 100 ಕಿಲೋ ಒಣಹುಲ್ಲಿಗೆ 4 ಕಿಲೋ ಯೂರಿಯಾ ಕರಗಿಸಿದ ನೀರನ್ನು ಚಿಮುಕಿಸಿ, ಗಾಳಿಯಾಡದಂತೆ ಸುಮಾರು ಮೂರು ವಾರ ಮುಚ್ಚಿಟ್ಟರೆ ಜೀರ್ಣಶಕ್ತಿ ಹೆಚ್ಚುತ್ತದೆ. ಯೂರಿಯಾ ಅಳತೆ ಮೀರಿದರೆ ವಿಷವಾಗುತ್ತದೆ. ಚಿಕ್ಕ ಕರುಗಳಿಗೆ ಇದನ್ನು ಕೊಡುವಂತಿಲ್ಲ. ಹಸಿರು ಮೇವು, ಹಿಂಡಿ ಮತ್ತು ಖನಿಜ ಮಿಶ್ರಣಗಳನ್ನು ಹೊಂದಿಸಿ ಕೊಡುವುದರಿಂದಲೂ ಪ್ರತಿ ಲೀಟರ್ ಹಾಲಿಗೆ ತಗಲುವ ಮೀಥೇನ್ ಇಳಿಯುತ್ತದೆ.

ಬೆಂಗಳೂರಿನ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯು ಟ್ಯಾನಿನ್ ಹೇರಳವಾಗಿರುವ ಸಸ್ಯಮೂಲಗಳಿಂದ 'ಹರಿತ್ ಧಾರಾ' ಎಂಬ ಪೂರಕ ಆಹಾರವನ್ನು ರೂಪಿಸಿದೆ. ಇದರಿಂದ ಮೀಥೇನ್ ಶೇಕಡಾ 17ರಿಂದ 20ರಷ್ಟು ತಗ್ಗುತ್ತದೆ ಎಂದು ವರದಿಯಾಗಿದೆ. ವಿದೇಶಗಳಲ್ಲಿ 3-ಎನ್‌ಒಪಿ ಎಂಬ ರಾಸಾಯನಿಕ ಬಳಕೆಗೆ ಬಂದಿದೆ, ಆಸ್ಪರಾಗಾಪ್ಸಿಸ್ ಎಂಬ ಕೆಂಪು ಕಡಲಪಾಚಿಯ ಮೇಲೂ ಪ್ರಯೋಗಗಳು ನಡೆದಿವೆ. ಇವನ್ನು ಪ್ರತಿದಿನದ ಮೇವಿನಲ್ಲಿ ಬೆರೆಸಬೇಕಾದ್ದರಿಂದ, ಎರಡು ಮೂರು ದನಗಳನ್ನು ಬಯಲಲ್ಲಿ ಮೇಯಿಸುವ ಮನೆಗೆ ಅವು ಸುಲಭವಾಗಿ ಒಗ್ಗುವುದಿಲ್ಲ.

ಸಗಣಿ

ಒಣಗಿದ ಸಗಣಿ ಮತ್ತು ಬೆರಣಿಯಿಂದ ಹೊರಡುವ ಮೀಥೇನ್ ಅಲ್ಪ; ನೀರಿನೊಂದಿಗೆ ಹೊಂಡದಲ್ಲಿ ಕೊಳೆತರೆ ಹೆಚ್ಚು. ಗೋಬರ್ ಗ್ಯಾಸ್ ಸ್ಥಾವರದ ಲಾಭ ಸೌದೆಯ ಉಳಿತಾಯದಲ್ಲೂ ಇದೆ, ಆದರೆ ತೊಟ್ಟಿ ಅಥವಾ ಕೊಳವೆ ಸೋರಿದರೆ ಆ ಮೀಥೇನ್ ನೇರವಾಗಿ ಗಾಳಿಗೆ ಸೇರುತ್ತದೆ.